ಅಪಶ್ರುತಿಯ ಹೊಣೆ: ಹಳೆಯ ನಾಗಸ್ವರವನ್ನು ಕುರಿತು

ಉಪ್ಪುಂದದಂಥ ಕಡಲಂಚಿನ ಊರುಗಳಲ್ಲಿ ದೇವಾಲಯದ ವಾಲಗವನ್ನು ದೇವಾಡಿಗರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅವರ ನಾಗಸ್ವರವನ್ನು ಕುರಿತ ನಮ್ಮ ಬರಹಗಳು ಸಮುದಾಯ, ಸೇವೆ, ರಾಗಗಳನ್ನು ಚರ್ಚಿಸುತ್ತವೆಯೇ ಹೊರತು ಕೊಳವೆಯ ಸ್ಥಿತಿಯನ್ನು ಪರಿಶೀಲಿಸುವುದು ಅಪರೂಪ. ಹೀಗಾಗಿ ಅಪಶ್ರುತಿ ಕೇಳಿಸಿದೊಡನೆ ವಿಮರ್ಶಕನು ವಾದಕನ ಸಾಧನೆಯನ್ನೇ ಶಂಕಿಸುತ್ತಾನೆ. ಈ ತೀರ್ಮಾನ ಅವಸರದ್ದು.

ನಾಗಸ್ವರದಲ್ಲಿ ನುಡಿಸುವ ರಂಧ್ರಗಳು ಏಳು. ಕೆಳಗಿನ ಐದು ರಂಧ್ರಗಳನ್ನು ಬೆರಳು ಮುಟ್ಟುವುದಿಲ್ಲ. ಮೇಣ ತುಂಬಿ ಅಥವಾ ತೆಗೆದು ಶ್ರುತಿ ಹೊಂದಿಸುವುದಕ್ಕಾಗಿಯೇ ಅವು ಇವೆ. ಮೇಣದ ತಪ್ಪನ್ನು ತಿದ್ದಬಹುದು. ಅರದಿಂದ ರಂಧ್ರವನ್ನು ಹಿಗ್ಗಿಸಿದರೆ ಹೋದ ಮರ ಮರಳದು. ಅನೇಕ ವೇಳೆ ದೋಷವಿರುವುದು ಮರದಲ್ಲಲ್ಲ, ಜೊಂಡಿನ ಜೋಡಿ ನಾಲಗೆಯಲ್ಲಿ. ಮಳೆಗಾಲದ ತೇವಕ್ಕೆ ಅದು ಊದಿಕೊಳ್ಳುತ್ತದೆ, ಒಣಗಿದಾಗ ಬಿರಿಯುತ್ತದೆ. ನಾಲಗೆ ಬದಲಿಸಿ ನೋಡದೆ ಕೊಳವೆಗೆ ಕೈಹಾಕಲಾಗದು. ಕೊಳವೆಯೊಳಗಿನ ಗಾಳಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಅರ್ಧ ಸ್ವರದ ಸುಮಾರು ಮೂರನೆಯ ಒಂದು ಪಾಲು ಏರುತ್ತದೆ. ಜೊತೆಗೆ ಊದುವ ಒತ್ತು ತಾನೂ ಕಾದು ಏರುತ್ತದೆ. ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಕದಲುವುದಿಲ್ಲ.

ಟಿ.ಎನ್. ರಾಜರತ್ನಂ ಪಿಳ್ಳೈ ಅವರಿಗಾಗಿ ನರಸಿಂಗಂಪೇಟ್ಟೈಯ ರಂಗನಾಥನ್ ಆಚಾರಿಯವರು ಉದ್ದನೆಯ ಪಾರಿ ನಾಗಸ್ವರವನ್ನು ರೂಪಿಸಿದರು. ಗಿಡ್ಡನೆಯ, ಏರುಶ್ರುತಿಯ ತಿಮಿರಿಯಲ್ಲಿ ಕಷ್ಟವಾಗಿದ್ದ ಶುದ್ಧ ಮಧ್ಯಮ ಇದರಲ್ಲಿ ಸುಲಭವಾಯಿತು. ಹಳೆಯ ತಿಮಿರಿಯ ಮಧ್ಯಮವನ್ನು ಪಾರಿಗೆ ಒಗ್ಗಿದ ಕಿವಿಯಿಂದ ಕೇಳಿ ದೋಷವೆನ್ನುವ ಮುನ್ನ ಅದರ ಮಾದರಿಯನ್ನು ಗಮನಿಸಬೇಕಾಗುತ್ತದೆ. ದುರಸ್ತಿಯ ಹೆಸರಿನಲ್ಲಿ ಅದನ್ನು ಕೊರೆದರೆ ಆ ಮಾದರಿಯ ಸಾಕ್ಷ್ಯವೇ ಅಳಿಯುತ್ತದೆ.