ಶಿಶುಪದ್ಯಗಳಲ್ಲಿ ಮಗುವಿನ ಸ್ವತ್ವ

ಮೂರರಿಂದ ಎಂಟು ವಯಸ್ಸಿನ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮವು, ಮಗು ತನ್ನನ್ನು ಕುಟುಂಬಕ್ಕೂ ಸಮುದಾಯಕ್ಕೂ ಸೇರಿದ ಒಂದು ವ್ಯಕ್ತಿಯೆಂದು ಅರಿತುಕೊಳ್ಳುವುದನ್ನು ಸಂಪಾದಿಸಬೇಕಾದ ಸಾಮರ್ಥ್ಯಗಳಲ್ಲಿ ಎಣಿಸಿದೆ. ಇದಕ್ಕೆ ಬೇಕಾದ ಉಪಕರಣಗಳನ್ನು ಕನ್ನಡದ ಉಪಾಧ್ಯಾಯರು ದೂರದಲ್ಲಿ ಅರಸಬೇಕಾಗಿಲ್ಲ. ಆದರೆ ಕಂಠಪಾಠಕ್ಕೆ ಕೊಡುವ ಪದ್ಯದಲ್ಲಿ ಮಗುವಿಗೆ ಯಾವ ಸ್ಥಾನವಿದೆಯೆಂಬುದು ವಿಚಾರಣೀಯವಾಗಿದೆ.

ಪಂಜೆ ಮಂಗೇಶರಾಯರ (1874–1937) 'ನಾಗರ ಹಾವೆ' ಪದ್ಯವನ್ನು ನೋಡೋಣ. ಇಲ್ಲಿ ಹಾಡುವ ಮಗುವೇ ವಕ್ತೃ. ಹಾವನ್ನು ಕರೆಯುವುದೂ, ಹಾಲೀಯುವೆನೆಂದು ಒಲಿಸುವುದೂ, ಕೊಳಲೂದಿ ಆಡಿಸುವುದೂ, ಬಡವರಿಗಾಗಿ ಹೊನ್ನನ್ನು ಬೇಡುವುದೂ, ಕಡೆಗೆ ಅದರ ಒಳಹಗೆಯನ್ನು ಅರಿತು ನಮಸ್ಕರಿಸಿ ಹೊರಗೆ ಕಳುಹುವುದೂ ಅದೇ. ಸರ್ವನಾಮದ ಆಡಂಬರವಿಲ್ಲದೆ ಉತ್ತಮಪುರುಷದ ಆಖ್ಯಾತಪ್ರತ್ಯಯವೊಂದೇ 'ನಾನು' ಎಂಬ ಅರ್ಥವನ್ನು ಹೊತ್ತಿದೆ. ಚರಣಾಂತ್ಯಗಳಲ್ಲಿ ಬರುವ ವಿಧಿರೂಪಗಳಾದರೋ ಏಕಾಕ್ಷರದವು. ತೊದಲು ನಾಲಗೆಗೂ ಸುಲಭವಾದವು. ತನ್ನ ಹೆಸರು ಹಿಡಿದೇ ತನ್ನ ವಿಷಯವನ್ನು ಹೇಳಿಕೊಳ್ಳುವ ವಯಸ್ಸಿನ ಮಗುವಿಗೆ ಕರ್ತೃತ್ವದ ಇಂತಹ ಅಭ್ಯಾಸವನ್ನು ಯಾವ ವ್ಯಾಕರಣಪಾಠವೂ ಮಾಡಿಸಲಾರದು. ಭಯವನ್ನು ಮರೆಮಾಡದೆ, ಅದಕ್ಕೆ ಅಧೀನವೂ ಆಗದೆ ನಿಲ್ಲುವ ಈ ಮಗುವನ್ನು ಸೃಷ್ಟಿಸಿದವರು ಶಾಲೆಗಳ ತನಿಖಾಧಿಕಾರಿಗಳಾಗಿದ್ದರೆಂಬುದು ಸ್ಮರಣೀಯ. (ತನಿಖೆಯ ಕಣ್ಣಿಗೆ ಬೀಳದುದು ಅವರ ಕಣ್ಣಿಗೆ ಬಿದ್ದಿತ್ತು!)

ಜಿ. ಪಿ. ರಾಜರತ್ನಂ ಅವರ 'ತುತ್ತೂರಿ' ಇದಕ್ಕಿಂತ ಹೆಚ್ಚು ಜನಪ್ರಿಯ. ಅದರ ಲಯ ಅಸಾಮಾನ್ಯವಾದುದು. ನೀರಿನಲ್ಲಿ ಬಿದ್ದ ತುತ್ತೂರಿಯಿಂದ ಸ್ವರಗಳ ಬದಲು ಗೊಗ್ಗರಧ್ವನಿ ಹೊರಡುವುದನ್ನು ಕೇಳಿ ನಗದ ಮಗುವಿಲ್ಲ. ಆದರೂ ಇಲ್ಲಿ ಕಸ್ತೂರಿಯೆಂಬ ಹುಡುಗನು ಕೇವಲ ಪ್ರಥಮಪುರುಷ. ಕಾಸು ಕೊಟ್ಟು ಕೊಂಡ ವಸ್ತುವಿನ ಮೇಲಣ ಅವನ ಹರ್ಷವನ್ನು ಹೊರಗೆ ನಿಂತ ಹಿರಿಯನೊಬ್ಬನು ಅಳೆಯುತ್ತಾನೆ. ಕೋಳಿಯ ಉಪಮೆ ಎರಡು ಸಲ ಬಂದಿದೆ. ಮೊದಲನೆಯದು ಅವನ ನಡಗೆಯ ಚಿತ್ರ, ರಮಣೀಯ; ಎರಡನೆಯದು ತೀರ್ಪು. ಗರ್ವಭಂಗವೂ ಶಿಕ್ಷಣವೇ ಅಲ್ಲವೇ ಎಂದು ಕೇಳುವವರುಂಟು. ಆದರೆ 'ಇದು ನನ್ನದು' ಎಂಬ ಶಿಶುವಿನ ಮಾತು ಗರ್ವಕ್ಕಿಂತ ಮುಂಚೆ ಹುಟ್ಟುವ ಮಾತು. ಅದನ್ನು ದೋಷವೆಂದು ಗಣಿಸುವುದು ಅವಿಚಾರ.

ಪದ್ಯವನ್ನು ಪಾಠದಿಂದ ತೆಗೆಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದನ್ನು ಹೇಳಿಸಿದ ಬಳಿಕ, ಅದೇ ಕಥೆಯನ್ನು ಕಸ್ತೂರಿಯ ಬಾಯಿಂದ ಉತ್ತಮಪುರುಷದಲ್ಲಿ ಮಕ್ಕಳಿಂದ ಹೇಳಿಸಬೇಕು. ಆಗ ಬಣ್ಣ ಕಳೆದುಕೊಂಡ ತಗಡಿನ ದುಃಖವು ಹಾಸ್ಯದ ನಡುವೆಯೂ ಕೇಳಿಬರುವುದು. ಕೋಳಿಯ ಎರಡನೆಯ ಉಪಮೆಯನ್ನು ಹೇಳಲು ಯಾವ ಮಗುವಿಗೂ ಅವಕಾಶವೇ ದೊರೆಯದು.