ಸಮೀಕರಣದಾಚೆಗಿನ ಹುದುಗುವಿಕೆ

ನಮ್ಮ ವಿಜ್ಞಾನ ಪಾಠಗಳಲ್ಲಿ ಹುದುಗುವಿಕೆ ಹೆಚ್ಚಾಗಿ ಒಂದು ಸಮೀಕರಣದಲ್ಲೇ ಮುಗಿಯುತ್ತದೆ. ಸಕ್ಕರೆ ನೀರಿಗೆ ಈಸ್ಟ್ ಬೆರೆಸುವುದು, ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸುವುದು, ಅದು ಹಾಲಿನಂತಾಯಿತೆಂದು ಬರೆಯುವುದು. ಯಾವ ಅನಿಲ ಎಂಬ ಪ್ರಶ್ನೆಯಿದೆ, ಎಷ್ಟು ಎಂಬುದಿಲ್ಲ. ಶಾಖದ ಮಾತಂತೂ ಇಲ್ಲವೇ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಿದ್ಯಾರ್ಥಿಗಳಿಗೆ ಕಳ್ಳು ಅಪರಿಚಿತವಲ್ಲ. ಅದಕ್ಕೆ ಯಾರೂ ಈಸ್ಟ್ ಹಾಕುವುದಿಲ್ಲ; ಗಾಳಿ, ಕೀಟ, ಹಳೆಯ ಮಡಕೆಗಳಿಂದ ಅದು ತಾನಾಗಿ ಸೇರುತ್ತದೆ. ರಸ ಸಿಹಿಯಾಗಿಯೇ ಉಳಿಯಬೇಕಾದರೆ ಮೂರ್ತೆದಾರರು ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಪ್ರಯೋಗಾಲಯದಲ್ಲಿ ಹುದುಗುವಿಕೆಯನ್ನು ತೋರಿಸಿಕೊಡುವ ಸುಣ್ಣವೇ ಮರದ ಮೇಲೆ ಅದನ್ನು ತಡೆಯುತ್ತದೆ! ಇಷ್ಟು ಒಳ್ಳೆಯ ಉದಾಹರಣೆ ಪಾಠಕ್ಕೆ ಏಕೆ ಬೇಡವಾಯಿತೋ.

ಲೀಟರ್ ರಸದಲ್ಲಿ 120 ಗ್ರಾಂ ಸಕ್ಕರೆಯಿದ್ದು ಪೂರ್ತಿ ಹುದುಗಿದರೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 35 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಶಾಖ ಹೊರಹೋಗದಿದ್ದರೆ ಉಷ್ಣತೆ 15 ಡಿಗ್ರಿಗೂ ಮಿಕ್ಕಿ ಏರೀತು. ಸಣ್ಣ ಮಡಕೆ ಬೇಗ ತಣಿಯುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟಾದರೆ ಪ್ರತಿ ಲೀಟರಿಗೆ ಸಿಗುವ ಮೇಲ್ಮೈ ಹತ್ತನೇ ಒಂದಂಶಕ್ಕಿಳಿಯುತ್ತದೆ. ಹೆಚ್ಚು ಸಕ್ಕರೆಯಿಂದ ಆರಂಭವಾಗುವ ಪ್ರಬಲ ಸ್ಟೌಟ್ ಬಿಯರಿನ ದೊಡ್ಡ ತೊಟ್ಟಿಗಳನ್ನು ತಂಪಾಗಿಸಬೇಕಾಗುವುದು ಇದರಿಂದಲೇ.

ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಸಿಡಿಯಬಹುದೆಂದು ಎಚ್ಚರಿಸದ ಪಾಠವನ್ನು ನಾನು ಅಪೂರ್ಣವೆಂದಷ್ಟೇ ಅಲ್ಲ, ಅಪಾಯಕಾರಿ ಎಂದೂ ಕರೆಯುತ್ತೇನೆ. ಬಾಯಿಗೆ ಸಡಿಲವಾಗಿ ಹತ್ತಿಯಿಟ್ಟು, 10 ಗ್ರಾಂ ಸಕ್ಕರೆಯ ದ್ರಾವಣವನ್ನು ಈಸ್ಟ್‌ನೊಡನೆ ದಿನವೂ ತೂಗಿದರೆ ಸಾಕು. ಹುದುಗುವಿಕೆ ಪೂರ್ಣವಾದಾಗ ಸುಮಾರು 5 ಗ್ರಾಂ ಕಡಿಮೆಯಾಗಿರಬೇಕು. ಆವಿಯಾಗುವ ನೀರಿನ ಲೆಕ್ಕಕ್ಕೆ ಬರೀ ನೀರಿನ ಇನ್ನೊಂದು ಬಾಟಲಿಯನ್ನು ಪಕ್ಕದಲ್ಲಿಡಬೇಕು.