ಪುಟದ ಔಚಿತ್ಯ

ಜುಲೈ 1 ಬಂದಾಗಲೆಲ್ಲ ನಾವು ಹೆರ್ಮನ್ ಮೋಗ್ಲಿಂಗರನ್ನು ಸ್ಮರಿಸುತ್ತೇವೆ. 1843ರ ಆ ದಿನ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ಈ ನಗರದಿಂದ ಹೊರಟಿತು. ಆದರೆ ಸಂಪಾದಕರಿಗೆ ಸಲ್ಲುವ ಗೌರವವು ಪುಟವನ್ನು ರೂಪಿಸಿದ ವಿವೇಕಕ್ಕೂ ಸಲ್ಲಬೇಕಲ್ಲವೆ?

1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಬಾಸೆಲ್ ಮಿಷನಿನ ವತಿಯಿಂದ ಇಲ್ಲಿಗೆ ಬಂದ ಇವರು ಉಪಾಧ್ಯಾಯರೂ ಆಗಿದ್ದರು. ಮತಪ್ರಚಾರವು ಅವರ ಉದ್ದೇಶವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೂ 1848ರಿಂದ 1853ರ ವರೆಗೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಪ್ರಕಟಿಸಿದಾಗ ಅವರು ಮತಭೇದವನ್ನೆಣಿಸಲಿಲ್ಲ.

ಆ ಪತ್ರಿಕೆಯೂ ಈ ಮಾಲೆಯೂ ಕಲ್ಲಚ್ಚಿನವು. ಜಿಡ್ಡುಳ್ಳ ಮಸಿಯ ಬರೆಹವನ್ನು ಕಲ್ಲಿಗಿಳಿಸಿ, ಕಲ್ಲನ್ನು ನೀರಿನಿಂದ ನೆನೆಸಿ ಮಸಿ ಸವರಿದರೆ, ಬರೆಹವಿದ್ದೆಡೆಯಲ್ಲಿ ಮಾತ್ರ ಮಸಿ ಹತ್ತುವುದು. ಅಂದರೆ ಇಲ್ಲಿ ಲಿಪಿಕಾರನ ಕೈಯೇ ಅಚ್ಚಾಗುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವಂಥವು. ಗುಡಿಸು, ಏತ್ವಗಳು ಮೇಲೇರುವಂಥವು. ಬರೆಯುವ ಕೈ ಇವಕ್ಕೆ ಎಡೆ ಮಾಡಿಕೊಡುವುದು. ಸೀಸದ ಮೊಳೆಗೆ ಆ ದಾಕ್ಷಿಣ್ಯವಿಲ್ಲ. ಅನ್ಯದೇಶೀಯರೊಬ್ಬರು ನಮ್ಮ ಗ್ರಂಥಗಳನ್ನು ನಮ್ಮ ಕೈಬರೆಹದ ರೂಪದಲ್ಲಿಯೇ ನಮ್ಮ ಮುಂದಿಟ್ಟರು. ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಸಾಧಿಸಿದನು. ಪುಟಕ್ಕೂ ಆ ಮಾತು ಸಲ್ಲುವುದು.

ಕಲ್ಲಚ್ಚಿನಲ್ಲಿ ದೋಷವಿಲ್ಲವೆಂದಲ್ಲ. ಒಬ್ಬೊಬ್ಬರ ಕೈ ಒಂದೊಂದು ಬಗೆ. ಪ್ರತಿಗಳು ಹೆಚ್ಚಿದಂತೆ ರೇಖೆ ಮಂಕಾಗುವುದು. ಅಚ್ಚುಮೊಳೆಯಿಂದ ಏಕರೂಪತೆಯೂ ಅಗ್ಗದ ಬೆಲೆಯೂ ಒದಗಿ ಪುಸ್ತಕವು ಬಡವನ ಮನೆಯನ್ನೂ ಸೇರಿತು. ಆ ಲಾಭವನ್ನು ಅಲ್ಲಗಳೆಯಲಾರೆನು.

ಆದರೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಉಪಾಧ್ಯಾಯನಾಗಿದ್ದಾಗ ಹುಡುಗನೊಬ್ಬನು ಪುಸ್ತಕದ ಪದ್ಯವನ್ನು ಓದಲಾರದೆ ಪದೇಪದೇ ಎಡವಿದನು. ಮಂದಬುದ್ಧಿಯವನೆಂದು ಗದರಿಸಿದೆನು. ಬಳಿಕ ಅದನ್ನೇ ಕರಿಹಲಗೆಯ ಮೇಲೆ ಬಿಡಿಸಿ ಬರೆದಾಗ ಸರಾಗವಾಗಿ ಓದಿದನು. ಪುಸ್ತಕವನ್ನು ತೆಗೆದು ನೋಡಿದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಿಕೊಂಡಿತ್ತು! ದೋಷವು ಪುಟದ್ದು, ಬೈಗಳು ಮಗುವಿಗೆ.

ಈಗ ಮೊಳೆಗಳ ಕಾಲವೂ ಕಳೆದು, ಗಣಕಯಂತ್ರದಲ್ಲಿ ಅಕ್ಷರವನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಸೌಕರ್ಯ ಬೆಳೆಯಿತು; ಹೊಣೆಯೂ ಬೆಳೆಯಬೇಡವೆ? ಪುಟವನ್ನು ವಿನ್ಯಾಸಗೊಳಿಸುವ ತರುಣರು ಅದನ್ನು ಮೊದಲು ಒಂದು ಮಗುವಿನ ಮುಂದೆಯೂ ಒಬ್ಬ ವೃದ್ಧರ ಮುಂದೆಯೂ ಇಟ್ಟು ಓದಿಸಲಿ. ಅವರು ಎಡವದೆ ಓದಿದರೆ ಆ ಪುಟವು ಸುಂದರವೇ ಸರಿ.